ಪಿಗ್ಮಿ ಚೀಲ ಕೈ ಬದಲಿಸಿತು, ಹಣಕ್ಕೆ ಜವಾಬ್ದಾರಿ ಯಾರದ್ದು?

ಉಡುಪಿ, ಮಲ್ಪೆ ಕಡೆಯ ಯಾವ ಮೀನು ಮಾರ್ಕೆಟಿಗೆ ಹೋದರೂ ಈ ನೋಟ ತಪ್ಪುವುದಿಲ್ಲ. ವ್ಯಾಪಾರ ಸ್ವಲ್ಪ ತಣ್ಣಗಾಗುವ ಹೊತ್ತಿಗೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬರು ಬರುತ್ತಾರೆ. ಕೈಯಲ್ಲಿ ಪುಟ್ಟ ಮೆಷಿನ್. "ಅಕ್ಕ, ಇವತ್ತು ಎಷ್ಟು?" ಅಂತ ಕೇಳುತ್ತಾರೆ. "ಬಂಗುಡೆಗೆ ರೇಟೇ ಇಲ್ಲ ಮಾರಾಯ್ರೆ, ಐವತ್ತು ಬರ್ಕೊಳ್ಳಿ, ನಾಳೆ ನೋಡುವ" ಅಂತ ಅಕ್ಕ ಸೊಂಟದ ಚೀಲದಿಂದ ಒದ್ದೆ ನೋಟು ತೆಗೆದು ಕೊಡುತ್ತಾಳೆ. ಮೆಷಿನ್ ಒಂದು ಚೀಟಿ ಉಗುಳುತ್ತದೆ. ಅಕ್ಕ ಅದನ್ನು ಓದುವುದಿಲ್ಲ, ಬುಟ್ಟಿಯ ಅಡಿಗೆ ಹಾಕುತ್ತಾಳೆ. ಇದೇ ಪಿಗ್ಮಿ.

ಆ ಅಕ್ಕನನ್ನು ನಿಲ್ಲಿಸಿ, ದುಡ್ಡು ಯಾವ ಬ್ಯಾಂಕಿಗೆ ಹೋಗುತ್ತದೆ ಅಂತ ಕೇಳಿ ನೋಡಿ. "ಪಿಗ್ಮಿ ಅಲ್ವಾ, ಬ್ಯಾಂಕಿಗೇ ಹೋಗುದು" ಅನ್ನುವ ಉತ್ತರ ಹತ್ತರಲ್ಲಿ ಎಂಟು ಕಡೆ ಸಿಗುತ್ತದೆ. ಚೀಟಿ ಓದಿದರೆ ಕೆಲವು ಸಲ ಬ್ಯಾಂಕಿನ ಹೆಸರು ಇರುತ್ತದೆ. ಬಹಳ ಸಲ ಯಾವುದೋ ಸೌಹಾರ್ದ ಸಹಕಾರಿಯ ಹೆಸರೋ, ಪತ್ತಿನ ಸಹಕಾರ ಸಂಘದ ಹೆಸರೋ ಇರುತ್ತದೆ. ಎರಡಕ್ಕೂ ಏನು ವ್ಯತ್ಯಾಸ ಅಂತ ಆಕೆಗೆ ಯಾರೂ ಹೇಳಿಲ್ಲ. ವ್ಯತ್ಯಾಸ ಐದು ಲಕ್ಷ ರೂಪಾಯಿಯದ್ದು!

ಎರಡಾಣೆಯಿಂದ ಎದ್ದ ಬ್ಯಾಂಕುಗಳು

ಹಣದ ವಿಷಯದಲ್ಲಿ ಈ ಕರಾವಳಿಯವರು ದಡ್ಡರಲ್ಲ. ಅಖಂಡ ದಕ್ಷಿಣ ಕನ್ನಡದಲ್ಲಿ 1906ರಿಂದ 1931ರ ಒಳಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. 1906ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿಗೆ ಬುನಾದಿ ಹಾಕಿದಾಗ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಮುಗಿಸಿದಾಗ ಪೆಟ್ಟಿಗೆಯಲ್ಲಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿನ ಮೂಲವಾದ ನಿಧಿ ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ಎ.ಬಿ. ಶೆಟ್ಟರ ನಾಯಕತ್ವದಲ್ಲಿ ವಿಜಯಾ ಬ್ಯಾಂಕ್.

1906ರ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿ ಎದ್ದಿತು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತಕ್ಕೇ ಸೇರಿತ್ತು. ಬಿಳಿಯರ ಕಂಪನಿ, ಎಂದೂ ಮುಳುಗದು ಅಂತ ದುಡ್ಡಿಟ್ಟವರು ಬೀದಿಗೆ ಬಿದ್ದರು. ದೊಡ್ಡ ಕಟ್ಟಡ, ದೊಡ್ಡ ಹೆಸರು ಎರಡೂ ಹಣಕ್ಕೆ ಜಾಮೀನಲ್ಲ ಎಂಬ ಪಾಠ ಆ ತಲೆಮಾರಿಗೆ ಸಿಕ್ಕಿತು.

ಸಿಂಡಿಕೇಟ್ ಬ್ಯಾಂಕನ್ನು ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಶುರು ಮಾಡಿದ್ದು 8,000 ರೂಪಾಯಿಯಲ್ಲಿ. ಉದ್ದೇಶ, ಕೈಮಗ್ಗದ ನೇಕಾರರಿಗೆ ಸಾಲ. ಆದರೆ ಸಾಲ ಕೊಡಲು ದುಡ್ಡು ಬೇಕಲ್ಲ? ದೊಡ್ಡವರ ದುಡ್ಡು ಈ ಪುಟ್ಟ ಬ್ಯಾಂಕಿಗೆ ಯಾಕೆ ಬಂದೀತು? ಆಗ 1928ರಲ್ಲಿ ಹುಟ್ಟಿದ್ದು ಪಿಗ್ಮಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಮನುಷ್ಯ ಮನೆ ಬಾಗಿಲಿಗೆ ಬಂದು ಒಯ್ಯುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಬಡವನ ಹತ್ತಿರ ಬ್ಯಾಂಕೇ ನಡೆದು ಬಂತು. ಹನಿ ಹನಿ ಕೂಡಿ ಹಳ್ಳ ಅಂತ ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಇವರು ಲೆಡ್ಜರಿನಲ್ಲಿ ಬರೆದು ತೋರಿಸಿದರು.

ಆ ಚೀಲ ಹೊತ್ತವರ ಕತೆಯೂ ಇಲ್ಲಿ ಹೇಳಬೇಕು. ಬಿಸಿಲು ಮಳೆ ಎನ್ನದೆ ತಿರುಗಿದರೂ ಇವರು ಬ್ಯಾಂಕಿನವರಲ್ಲ, ಬರೀ ಕಮಿಷನ್ ಏಜಂಟರು ಅಂತ ಬ್ಯಾಂಕುಗಳು ವಾದ ಮಾಡಿದವು. 2001ರಲ್ಲಿ ಸುಪ್ರೀಂ ಕೋರ್ಟು, ಇವರೂ ಕೆಲಸಗಾರರೇ, ಕಮಿಷನ್ ಎಂಬುದು ಸಂಬಳವೇ ಅಂತ ತೀರ್ಪು ಕೊಟ್ಟಿತು. ಆದರೆ ಕಾಯಂ ನೌಕರರ ಸಮಾನ ಅಲ್ಲ ಅಂತಲೂ ಹೇಳಿತು. ತೀರ್ಪು ಬಂದರೂ ಬ್ಯಾಂಕುಗಳಿಗೆ ಹೊಸ ಏಜಂಟರು ಬೇಡವಾದರು. ಚಿಲ್ಲರೆ ಎಣಿಸುವ ಖರ್ಚು ಹೆಚ್ಚು, ಲಾಭ ಕಮ್ಮಿ. ಹೀಗೆ ಬ್ಯಾಂಕು ಕೆಳಗಿಟ್ಟ ಚೀಲವನ್ನು ಸಹಕಾರಿ ಸಂಘಗಳು ಎತ್ತಿಕೊಂಡವು.

ಲಾಭದ ಬ್ಯಾಂಕೂ ಹೋಯಿತು

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು. ಕೆನರಾ, ಸಿಂಡಿಕೇಟ್ ಎರಡೂ ಸರಕಾರದ್ದಾದವು. 1980ರ ಏಪ್ರಿಲಿನಲ್ಲಿ ಇನ್ನಾರು. ಅದರಲ್ಲಿ ಕಾರ್ಪೊರೇಶನ್, ವಿಜಯಾ ಸೇರಿದವು. ಊರವರು ಅಷ್ಟೇನೂ ಬೇಸರ ಮಾಡಿಕೊಳ್ಳಲಿಲ್ಲ. ಹೆಸರು ಉಳಿಯಿತು, ಬೋರ್ಡು ಉಳಿಯಿತು, ಕೌಂಟರಿನಲ್ಲಿ ಕೂತವರು ತುಳು ಮಾತಾಡುವವರೇ.

ನಂತರ ಬಂದದ್ದು ವಿಲೀನ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಕ್ಕೆ ಸೇರಿತು. ಒಂದು ವರ್ಷಕ್ಕೆ ಸರಿಯಾಗಿ, 2020ರ ಏಪ್ರಿಲ್ 1ರಂದು, ಸಿಂಡಿಕೇಟ್ ಹೋಗಿ ಕೆನರಾಕ್ಕೆ, ಕಾರ್ಪೊರೇಶನ್ ಹೋಗಿ ಯೂನಿಯನ್ ಬ್ಯಾಂಕಿಗೆ. ಐದರಲ್ಲಿ ಮೂರು ಹೆಸರು ಬೋರ್ಡಿನಿಂದ ಅಳಿಸಿಹೋದವು. ಐದರ ಪೈಕಿ ಈಗ ಮಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವುದು ಕರ್ಣಾಟಕ ಬ್ಯಾಂಕಿನದ್ದು ಮಾತ್ರ.

ಕಾರ್ಪೊರೇಶನ್ ಬ್ಯಾಂಕು ಸಂಕಷ್ಟದಲ್ಲಿತ್ತು, ಒಪ್ಪುವ. 2018-19ರ ಒಂದೇ ವರ್ಷದಲ್ಲಿ ಅದರ ನಷ್ಟ 6,300 ಕೋಟಿ ದಾಟಿತ್ತು. 38 ರೂಪಾಯಿಯಲ್ಲಿ ಶುರುವಾದ ಬ್ಯಾಂಕಿಗೆ ಈ ಗತಿ ತಂದವರು ಮೀನು ಮಾರುವವರೂ ಅಲ್ಲ, ಹೂ ಕಟ್ಟುವವರೂ ಅಲ್ಲ. ಆ ವರ್ಷಗಳಲ್ಲಿ ಸರಕಾರಿ ಬ್ಯಾಂಕುಗಳನ್ನು ಕಾಡಿದ ಕೆಟ್ಟ ಸಾಲದ ದೊಡ್ಡ ಪಾಲು ದೊಡ್ಡ ಕಂಪನಿಗಳದ್ದು.

ವಿಜಯಾ ಬ್ಯಾಂಕು ಮಾಡಿದ ಪಾಪವಾದರೂ ಏನು? 2017-18ರಲ್ಲಿ ಹೆಚ್ಚಿನ ಸರಕಾರಿ ಬ್ಯಾಂಕುಗಳು ನಷ್ಟ ತೋರಿಸುತ್ತಿದ್ದಾಗ ಅದು 727 ಕೋಟಿ ಲಾಭ ತೋರಿಸಿತ್ತು. ನಷ್ಟದಲ್ಲಿ ಮುಳುಗಿದ್ದ ದೇನಾ ಬ್ಯಾಂಕನ್ನು ಎತ್ತಲು ಗಟ್ಟಿ ಇದ್ದ ಇನ್ನೆರಡನ್ನು ಅದರ ಜೊತೆ ಕಟ್ಟಿದರು. ಚೆನ್ನಾಗಿ ಈಜುವವನ ಕಾಲಿಗೆ ಮುಳುಗುವವನನ್ನು ಕಟ್ಟಿದ ಹಾಗೆ. ಕರಾವಳಿಯಲ್ಲಿ ಪ್ರತಿಭಟನೆ ಆಯಿತು, ಮನವಿ ಹೋಯಿತು. ದಿಲ್ಲಿಗೆ ಕೇಳಿಸಲಿಲ್ಲ.

ಹೆಸರು ಹೋದದ್ದಕ್ಕೆ ಅಳುತ್ತಾ ಕೂತರೆ ಅದು ಬರೀ ಭಾವನೆ ಅಂತ ನಗುವವರುಂಟು. ನಗಲಿ. ಹೋದದ್ದು ಹೆಸರು ಮಾತ್ರ ಅಲ್ಲ. ಒಂದೇ ಪೇಟೆಯಲ್ಲಿ ಎದುರುಬದುರು ಇದ್ದ ಎರಡು ಶಾಖೆ ಒಂದಾಯಿತು. ಮುಂಚೆ ಹೋಟೆಲಿನವನಿಗೆ ಐವತ್ತು ಸಾವಿರ ಸಾಲ ಬೇಕಾದರೆ ಮೆನೇಜರು ಹೋಟೆಲಿಗೇ ಬಂದು ಕಾಫಿ ಕುಡಿದು, ಗಲ್ಲಾಪೆಟ್ಟಿಗೆಯ ಓಡಾಟ ಕಣ್ಣಲ್ಲೇ ಅಳೆದು ತೀರ್ಮಾನ ಮಾಡುತ್ತಿದ್ದರು. ಈಗ ಕಾಗದ ಎಲ್ಲೋ ಹೋಗುತ್ತದೆ, ಕಂಪ್ಯೂಟರು ಅಂಕ ಕೊಡುತ್ತದೆ. ಆದಾಯ ತೆರಿಗೆ ಕಟ್ಟದ, ಸಂಬಳದ ಚೀಟಿ ಇಲ್ಲದ ಮೀನು ಮಾರುವ ಅಕ್ಕನಿಗೆ ಆ ಲೆಕ್ಕದಲ್ಲಿ ಎಷ್ಟು ಅಂಕ ಸಿಕ್ಕೀತು?

ಇಟ್ಟದ್ದು ಇಲ್ಲಿ, ಕೊಟ್ಟದ್ದು ಎಲ್ಲಿ?

ಗ್ರಾಮಾಂತರ ಮತ್ತು ಸಣ್ಣ ಪೇಟೆಗಳ ಶಾಖೆಗಳು 100 ರೂಪಾಯಿ ಠೇವಣಿ ತೆಗೆದುಕೊಂಡರೆ 60 ರೂಪಾಯಿಯಾದರೂ ಸಾಲ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕು ಇಟ್ಟ ಗುರಿ. ಉಡುಪಿ ಜಿಲ್ಲೆ ಹಲವು ವರ್ಷ ಈ ಗುರಿ ಮುಟ್ಟದೆ ಲೀಡ್ ಬ್ಯಾಂಕ್ ಸಭೆಗಳಲ್ಲಿ ಬೈಸಿಕೊಂಡಿದೆ. ಮುಂಬಯಿ ಹೋಟೆಲಿನಿಂದ, ಗಲ್ಫಿನಿಂದ ಮಕ್ಕಳು ಕಳಿಸಿದ್ದು ಇಲ್ಲಿನ ಶಾಖೆಗಳಲ್ಲಿ ಠೇವಣಿಯಾಗಿ ಕೂರುತ್ತದೆ. ಅದು ಸಾಲವಾಗಿ ಹರಿಯುವುದು ಬೇರೆ ಊರಿನ ಬೇರೆ ದೊಡ್ಡವರಿಗೆ. ಬಾವಿ ನಮ್ಮದು, ನೀರು ಪಕ್ಕದ ಊರಿನ ತೋಟಕ್ಕೆ.

ಇಲ್ಲಿ ಸಾಲ ಕೇಳುವವರೇ ಇಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. ಕರಾವಳಿಯವರಿಗೆ ಸಾಲ ಅಂದರೆ ಮರ್ಯಾದೆಯ ಪ್ರಶ್ನೆ. ಆದರೆ ಮೀಟರ್ ಬಡ್ಡಿಗೆ ಸಾಲ ತೆಗೆಯುವವರು ಹಾಗಾದರೆ ಯಾರು? ಬೆಳಿಗ್ಗೆ 900 ಕೊಟ್ಟು ಸಂಜೆ 1,000 ಕೇಳುವ ವ್ಯವಹಾರದಲ್ಲಿ ಬಡ್ಡಿ ದಿನಕ್ಕೇ ನೂರಕ್ಕೆ ಹನ್ನೊಂದು ಆಗುತ್ತದೆ. 2004ರಿಂದ ದುಬಾರಿ ಬಡ್ಡಿ ನಿಷೇಧದ ಕಾಯ್ದೆ ರಾಜ್ಯದಲ್ಲಿ ಉಂಟು. ಕಾಯ್ದೆ ಉಂಟು, ಬಡ್ಡಿಯೂ ಉಂಟು.

ಬುಟ್ಟಿಗೂ ಕಂಪನಿಗೂ ಒಂದೇ ಲೆಕ್ಕ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳೇ ಶಾಲೆ ಫೀಸು, ಪುಸ್ತಕ, ಸೋರುವ ಮಾಡು, ಜ್ವರ ಎಲ್ಲ ಒಟ್ಟಿಗೆ ಬರುವುದು. ವರ್ಷದ ಲೆಕ್ಕ ತೆಗೆದರೆ ಅಕ್ಕನ ದುಡಿಮೆ ಖರ್ಚಿಗೆ ಸಾಕು. ಆದರೆ ಬರುವ ತಿಂಗಳು ಬೇರೆ, ಕೊಡುವ ತಿಂಗಳು ಬೇರೆ. ದಿನಕ್ಕೆ ನೂರರ ಹಾಗೆ 300 ದಿನ ಕಟ್ಟಿದ 30,000 ರೂಪಾಯಿ ಕೈಗೆ ಬಂದರೆ ಮಳೆಗಾಲ ದಾಟಿತು. ಬಾರದಿದ್ದರೆ ಮೀಟರ್ ಬಡ್ಡಿಯವನ ಮನೆ.

ಇದು ಬಡವರ ಕತೆ ಮಾತ್ರ ಅಂತ ತಿಳಿಯಬೇಡಿ. ಕಾಫಿ ಡೇ ಕಟ್ಟಿದ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥರನ್ನು ಈ ಜಿಲ್ಲೆಯವರು ಮರೆತಿಲ್ಲ. 2019ರ ಜುಲೈ ಕೊನೆಯಲ್ಲಿ ನೇತ್ರಾವತಿ ಸೇತುವೆಯ ಹತ್ತಿರ ಕಾಣೆಯಾದರು, ಎರಡು ದಿನದ ನಂತರ ಹೆಣವಾಗಿ ಸಿಕ್ಕರು. 2019ರ ಮಾರ್ಚಿನಲ್ಲಿ ಅವರ ಕಂಪನಿ ಸಮೂಹದ ಸಾಲ 7,000 ಕೋಟಿ ದಾಟಿತ್ತು. ಆದರೆ ಆಸ್ತಿ ಇರಲಿಲ್ಲವೇ? ಇತ್ತು. ಬೆಂಗಳೂರಿನ ಟೆಕ್ ಪಾರ್ಕು ಮಾರಿದ್ದರಿಂದಲೇ ಸುಮಾರು 2,700 ಕೋಟಿಯ ವ್ಯವಹಾರ ಆಯಿತು. ಪತ್ನಿ ಮಾಳವಿಕಾ ಹೆಗ್ಡೆ 2020ರ ಡಿಸೆಂಬರಿನಲ್ಲಿ ಕಂಪನಿಯ ಚುಕ್ಕಾಣಿ ಹಿಡಿದರು. 2021ರ ಮಾರ್ಚಿಗೆ ಸಾಲ 2,000 ಕೋಟಿಯ ಕೆಳಗೆ ಇಳಿದಿತ್ತು. ಅಂದರೆ ಸೊತ್ತು ಇತ್ತು, ಸಮಯ ಇರಲಿಲ್ಲ. ಕೊಟ್ಟವರು ಕೇಳಿದ ದಿನ ಕೈಯಲ್ಲಿ ನಗದು ಇರಲಿಲ್ಲ.

ಹತ್ತೆಕರೆ ಅಡಿಕೆ ತೋಟ ಇದ್ದೂ ಮಗಳ ಮದುವೆಗೆ ಚಿನ್ನ ಅಡವಿಡುವ ಯಜಮಾನರ ಕತೆಯೂ ಇದೇ. ಎಂಟು ಕೊಪ್ಪರಿಗೆ ಇದ್ದರೇನು, ಉಣ್ಣುವ ಹೊತ್ತಿಗೆ ಅನ್ನ ಬೇಕು. ಕಂಪನಿಯಾದರೂ ಅಷ್ಟೇ, ಮೀನಿನ ಬುಟ್ಟಿಯಾದರೂ ಅಷ್ಟೇ. ನಷ್ಟಕ್ಕಿಂತ ಮೊದಲು ಕೊಲ್ಲುವುದು ಗಡುವು.

ಸರಕಾರಕ್ಕೂ ಕಂತು ತಪ್ಪುವುದಿಲ್ಲ

ಸರಕಾರ ಬೇರೆ, ಅದಕ್ಕೇನು ಕೊರತೆ ಅನ್ನುವವರು 2025-26ರ ರಾಜ್ಯ ಬಜೆಟ್ ನೋಡಲಿ. ಒಟ್ಟು ಗಾತ್ರ 4 ಲಕ್ಷ 9 ಸಾವಿರ ಕೋಟಿ. ಅದರಲ್ಲಿ ಸಾಲ ಮಾಡಿ ತರುವ ಲೆಕ್ಕವೇ 1 ಲಕ್ಷ 16 ಸಾವಿರ ಕೋಟಿ. ಪಂಚ ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51 ಸಾವಿರ ಕೋಟಿ.

ಗ್ಯಾರಂಟಿ ಬೇಕೋ ಬೇಡವೋ ಎಂಬ ಜಗಳ ಇಲ್ಲಿ ಬೇಡ. ಮನೆಯ ಯಜಮಾನಿಗೆ ತಿಂಗಳಿಗೆ 2,000 ಕೊಡುವ ಗೃಹಲಕ್ಷ್ಮಿ 2023ರ ಆಗಸ್ಟಿನಲ್ಲಿ ಶುರುವಾಯಿತು. ಆ ದುಡ್ಡು ಎಷ್ಟೋ ಮನೆಯಲ್ಲಿ ಸಂಘದ ಕಂತಾಗಿದೆ, ಪಿಗ್ಮಿಯಾಗಿದೆ, ಔಷಧಿಯಾಗಿದೆ. ಸರಿಯೇ. ಆದರೆ ಅದನ್ನು ನಂಬಿ ಸಾಲದ ಕಂತು ಒಪ್ಪಿಕೊಂಡ ಮೇಲೆ ಸರಕಾರದ ಹಣ ಎರಡು ಮೂರು ತಿಂಗಳು ತಡವಾದರೆ? ವಿಧಾನಸೌಧದಲ್ಲಿ ಅದು "ತಾಂತ್ರಿಕ ಕಾರಣ". ಮನೆಯಲ್ಲಿ ಅದು ಕಂತು ತಪ್ಪಿದ ಅವಮಾನ. ವಸೂಲಿಯವನು ಜಗಲಿಯಲ್ಲಿ ಕೂತು ಎದ್ದೇಳುವುದಿಲ್ಲ.

ಅಂಥ ವಸೂಲಿಯ ಕಾಟಕ್ಕೆ ರಾಜ್ಯದ ಹಲವು ಕಡೆ ಜನ ಊರು ಬಿಟ್ಟರು, ಜೀವ ಕಳೆದುಕೊಂಡರು. 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ವಾಪಸು ಕಳಿಸಿದರು, ಆಮೇಲೆ ಸಹಿ ಹಾಕಿದರು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬರಹದಲ್ಲಿ ಬಿಗಿಯಾಗಿಯೇ ಉಂಟು. ಆದರೆ ಕಿರುಕುಳ ನಿಲ್ಲಿಸಿದರೆ ಸಾಲದ ಅಗತ್ಯ ನಿಲ್ಲುತ್ತದೆಯೇ? ಬ್ಯಾಂಕು ಬಾಗಿಲು ಹಾಕಿಕೊಂಡದ್ದರಿಂದ ತಾನೇ ಜನ ವಾರದ ಕಂತಿನವರ ಬಾಗಿಲಿಗೆ ಹೋದದ್ದು?

1976ರಲ್ಲಿ ದೇವರಾಜ ಅರಸರ ಸರಕಾರ ಋಣ ಪರಿಹಾರ ಕಾಯ್ದೆ ತಂದಿತು. ಎಂಬತ್ತರ ದಶಕದಲ್ಲಿ ಈ ಜಿಲ್ಲೆಯವರೇ ಆದ ಜನಾರ್ದನ ಪೂಜಾರಿಯವರು ಕೇಂದ್ರದಲ್ಲಿ ಹಣಕಾಸು ಖಾತೆಯ ಸಚಿವರಾಗಿ ಸಾಲ ಮೇಳ ಮಾಡಿದರು. ಮೈದಾನದಲ್ಲಿ ಪೆಂಡಾಲು ಹಾಕಿ ಬಡವರ ಕೈಗೆ ಸಾಲ ಕೊಡಿಸಿದಾಗ ಬ್ಯಾಂಕಿನ ದೊಡ್ಡವರು ಮೂಗು ಮುರಿದರು, ವಸೂಲಾಗದು ಅಂದರು. ವಸೂಲಾಗದ್ದು ಬಹಳ ಇತ್ತು, ಹೌದು. ಆದರೆ 2016-17ರಿಂದ 2020-21ರವರೆಗಿನ ಐದು ವರ್ಷದಲ್ಲಿ ಸರಕಾರಿ ಬ್ಯಾಂಕುಗಳ ಹೊಟ್ಟೆ ತುಂಬಿಸಲು ಕೇಂದ್ರ ಸರಕಾರ ಸುಮಾರು 3 ಲಕ್ಷ 10 ಸಾವಿರ ಕೋಟಿ ರೂಪಾಯಿ ಬಂಡವಾಳ ಹಾಕಬೇಕಾಯಿತು. ಅದು ಯಾವ ಮೇಳದ ಸಾಲ? ಅದಕ್ಕೆ ಪೆಂಡಾಲೂ ಇರಲಿಲ್ಲ, ಮೈಕೂ ಇರಲಿಲ್ಲ. ತಂಪು ಕೋಣೆಯಲ್ಲಿ ಸಹಿ ಬಿದ್ದಿತ್ತು.

ಐದು ಲಕ್ಷದ ಕೊಡೆ ಯಾರಿಗೆ?

ಈಗ ಮೊದಲಿನ ಚೀಟಿಗೆ ಬರುವ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ವಿಮೆ ಉಂಟು. 1962ರಲ್ಲಿ ಶುರುವಾದಾಗ ಅದು 1,500 ರೂಪಾಯಿ. 1993ರಿಂದ ಒಂದು ಲಕ್ಷ. 2020ರ ಫೆಬ್ರವರಿ 4ರಿಂದ ಐದು ಲಕ್ಷ, ಅಸಲು ಬಡ್ಡಿ ಸೇರಿ. ಆ ವರ್ಷ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಖಾತೆದಾರರಿಗೆ 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಅಂತ ರಿಸರ್ವ್ ಬ್ಯಾಂಕು ಕಟ್ಟು ಹಾಕಿದಾಗ ಪಿಂಚಣಿಯ ಗಂಟು ಇಟ್ಟ ಮುದುಕರು ಬಾಗಿಲ ಮುಂದೆ ಸಾಲು ನಿಂತರು. 2021ರ ತಿದ್ದುಪಡಿಯ ನಂತರ, ಹೀಗೆ ಕಟ್ಟು ಬಿದ್ದ ಬ್ಯಾಂಕಿನವರಿಗೆ 90 ದಿನದೊಳಗೆ ವಿಮೆ ಹಣ ಸಿಗಬೇಕು.

ಇದರಲ್ಲಿ ಎರಡು ಸೂಕ್ಷ್ಮ ಉಂಟು. ಒಂದು, ವಿಮೆ ಖಾತೆಗಲ್ಲ, ಒಬ್ಬನಿಗೆ ಒಂದು ಬ್ಯಾಂಕಿಗೆ ಇಷ್ಟು ಅಂತ. ಸಿಂಡಿಕೇಟಿನಲ್ಲಿ ಐದು, ಕೆನರಾದಲ್ಲಿ ಐದು ಲಕ್ಷ ಇಟ್ಟವನಿಗೆ ವಿಲೀನದ ಮೊದಲು ಹತ್ತು ಲಕ್ಷಕ್ಕೂ ರಕ್ಷಣೆ ಇತ್ತು. ಬ್ಯಾಂಕು ಒಂದಾದ ಮೇಲೆ ರಕ್ಷಣೆ ಐದಕ್ಕೇ. ಸರಕಾರಿ ಬ್ಯಾಂಕು ಮುಳುಗಲು ಸರಕಾರ ಬಿಡಲಿಕ್ಕಿಲ್ಲ, ಅದು ಬೇರೆ ಮಾತು. ಆದರೂ ಇದನ್ನು ಎಷ್ಟು ಶಾಖೆಯಲ್ಲಿ ಹೇಳಿದ್ದಾರೆ?

ಎರಡು, ಅಸಲು ವಿಷಯ. ಈ ವಿಮೆ ಬ್ಯಾಂಕಿಗೆ, ಸಹಕಾರಿ ಬ್ಯಾಂಕಿಗೂ ಸಹ. ಆದರೆ ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ಸಹಕಾರ ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಅಂತ ಹಾಕಿಕೊಳ್ಳುವಂತಿಲ್ಲ, ಅಲ್ಲಿಟ್ಟ ಠೇವಣಿಗೆ ವಿಮೆ ಇಲ್ಲ ಅಂತ ಎಚ್ಚರಿಸಿತು. ಪ್ರಕಟಣೆ ಮೀನು ಮಾರ್ಕೆಟಿಗೆ ಬರಲಿಲ್ಲ. ಪಿಗ್ಮಿ ಚೀಲ ಬ್ಯಾಂಕಿನ ಕೈಯಿಂದ ಸಂಘದ ಕೈಗೆ ಹೋಯಿತು, ಕೊಡೆ ಮಾತ್ರ ಬ್ಯಾಂಕಿನಲ್ಲೇ ಉಳಿಯಿತು. ಮಳೆಗೆ ನಿಂತಿರುವವಳು ಅಕ್ಕ.

ಸಂಘಗಳೆಲ್ಲ ಕಳ್ಳರ ಸಂತೆ ಅಂತ ಯಾರೂ ಅರ್ಥ ಮಾಡಬಾರದು. ಚಿನ್ನದಂತೆ ನಡೆಯುವ ಸಂಘಗಳು ಈ ಜಿಲ್ಲೆಗಳಲ್ಲಿ ಬೇಕಾದಷ್ಟು ಉಂಟು. ಬ್ಯಾಂಕು ಕೈಬಿಟ್ಟವನಿಗೆ ಹತ್ತು ಸಾವಿರ, ಇಪ್ಪತ್ತು ಸಾವಿರ ಕೊಟ್ಟು ಅಂಗಡಿ ನಿಲ್ಲಿಸಿದ್ದು ಅವೇ. ಅಲ್ಲಿನ ಕಾರ್ಯದರ್ಶಿಗೆ ಅಕ್ಕನ ಮನೆ ಗೊತ್ತು, ಮಗ ಎಲ್ಲಿ ದುಡಿಯುತ್ತಾನೆ ಅಂತ ಗೊತ್ತು. ಹಿಂದೆ ಬ್ಯಾಂಕಿನ ಮೆನೇಜರಿಗೆ ಇದ್ದ ಕಣ್ಣು ಈಗ ಅವರಿಗೆ ಉಂಟು. ಹಾಗಿರುವಾಗ ಒಳ್ಳೆ ಸಂಘಗಳಿಗೇ ಈ ಪ್ರಶ್ನೆ ಮೊದಲು ಕಾಡಬೇಕು. ಎಲ್ಲೋ ಒಂದು ಸಂಘ ಬಾಗಿಲು ಹಾಕಿದ ಸುದ್ದಿ ಬಂದರೆ ಮಾರನೇ ದಿನ ಸಾಲು ನಿಲ್ಲುವುದು ಎಲ್ಲ ಸಂಘಗಳ ಮುಂದೆ.

ಆಗಬೇಕಾದದ್ದು ಇಷ್ಟು

ಪಿಗ್ಮಿ ಚೀಟಿಯಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ "ಈ ಹಣಕ್ಕೆ ಠೇವಣಿ ವಿಮೆ ಉಂಟು" ಅಥವಾ "ಇಲ್ಲ" ಅಂತ ಅಚ್ಚಾಗಲಿ. ಇದಕ್ಕೆ ಕೋಟಿ ಖರ್ಚಿಲ್ಲ, ಸಹಕಾರ ಇಲಾಖೆಯ ಒಂದು ಸುತ್ತೋಲೆ ಸಾಕು.

ಸಂಘಗಳ ಠೇವಣಿಗೆ ರಾಜ್ಯ ಮಟ್ಟದಲ್ಲಿ ಒಂದು ಭದ್ರತಾ ನಿಧಿ ಗಟ್ಟಿಯಾಗಿ ನಿಲ್ಲಲಿ. ಲಾಭ ಹಂಚುವ ಮೊದಲು ಅದಕ್ಕೆ ಒಂದು ಪಾಲು ಹೋಗಲಿ. ಲೆಕ್ಕಪರಿಶೋಧನೆಯ ವರದಿ ಕಪಾಟಿನ ಒಳಗಲ್ಲ, ಗೋಡೆಯ ಬೋರ್ಡಿನಲ್ಲಿ ತೂಗಲಿ.

ಲೀಡ್ ಬ್ಯಾಂಕ್ ಸಭೆಯ ಅಂಕಿ ಅಂಶ ಅಧಿಕಾರಿಗಳ ಫೈಲಿಗೆ ಸೀಮಿತವಾಗದೆ ಪ್ರತಿ ಶಾಖೆಯ ಬಾಗಿಲಿಗೆ ಬರಲಿ. ಈ ಊರಿನವರು ಎಷ್ಟು ಇಟ್ಟರು, ಈ ಊರಿಗೆ ಎಷ್ಟು ಸಾಲ ಕೊಟ್ಟೆವು ಎರಡೇ ಸಾಲು ಸಾಕು. ಸಣ್ಣ ಸಾಲದ ಅಧಿಕಾರ ಮೆನೇಜರಿಗೆ ವಾಪಸು ಬರಲಿ. ಎಂ.ಪಿ.ಗಳು ದಿಲ್ಲಿಯಲ್ಲಿ ಕೇಳಲು ಬೇರೆ ಪ್ರಶ್ನೆ ಹುಡುಕಬೇಕಾಗಿಲ್ಲ.

ಚೀಲ ಹೊತ್ತು ತಿರುಗುವವರಿಗೆ, ಬ್ಯಾಂಕಿನವರಾಗಲಿ ಸಂಘದವರಾಗಲಿ, ಅಪಘಾತ ವಿಮೆ, ಮುಪ್ಪಿಗೆ ಒಂದು ಆಧಾರ ಕಟ್ಟಾಯವಾಗಲಿ. ಊರಿನವರಿಗೆ ಉಳಿತಾಯ ಕಲಿಸಿದವರ ಬಳಿಯೇ ಉಳಿತಾಯ ಇಲ್ಲ ಅಂದರೆ ನಾಚಿಕೆ ಯಾರಿಗೆ?

ದುಡ್ಡು ಇಡುವವರೂ ಬಾಯಿ ತೆರೆಯಬೇಕು. ಇದು ಬ್ಯಾಂಕೋ ಸಂಘವೋ? ವಿಮೆ ಉಂಟೋ ಇಲ್ಲವೋ? ಹೋದ ವರ್ಷದ ಮಹಾಸಭೆ ಯಾವಾಗ ಆಯಿತು? ಈ ಮೂರು ಪ್ರಶ್ನೆಗೆ ಮುಖ ಗಂಟು ಹಾಕುವವರ ಹತ್ತಿರ ಐವತ್ತು ರೂಪಾಯಿಯೂ ಇಡಬೇಡಿ.

ಜೂನ್ ಬಂದರೆ ಬೋಟು ದಡಕ್ಕೆ ಬರುತ್ತದೆ. ಅಕ್ಕ ಪಿಗ್ಮಿ ಪುಸ್ತಕ ಹಿಡಿದು ಕೌಂಟರಿಗೆ ಹೋಗುತ್ತಾಳೆ. ಆ ದಿನ ಅವಳ ದುಡ್ಡು ಪೂರ್ತಿ ಅವಳ ಕೈಗೆ ಬರುತ್ತದೆ ಅಂತ ಹೇಳುವ ಧೈರ್ಯ ಸಹಕಾರ ಇಲಾಖೆಗೆ ಉಂಟೇ? ಉಂಟು ಎಂದಾದರೆ ಚೀಟಿಯಲ್ಲಿ ಬರೆದು ಕೊಡಲಿ.